ಸ್ಟರ್ಲಿಂಗಿನ ದಾರಿಯಲ್ಲಿ

ಒಂದು ಸಂಗೀತ ತಂಡದ ಕೊನೆಯ ಕಚೇರಿಯನ್ನು ಕೇಳುವುದಕ್ಕೆಂದು ಇಪ್ಪತ್ತಾರು ಮಂದಿ ಒಂದು ಬಾಡಿಗೆಯ ಬಸ್ಸಿನಲ್ಲಿ ಕೂಡಿ ಹೋದ ಸಂಗತಿಯನ್ನು ಇಂದು ಹೇಳಬೇಕೆಂದಿದ್ದೇನೆ. ಆ ತಂಡದ ಹಾಡುಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು. ಅದರ ಜೀವವೆನ್ನಬಹುದಾದ ಕೆಲವು ಮಾತ್ರ ಗೇಲಿಕ್ ಭಾಷೆಯವು. ನಮ್ಮ ಇಪ್ಪತ್ತಾರು ಮಂದಿಯಲ್ಲಿ ಗೇಲಿಕ್ ಬಲ್ಲವರು ಒಬ್ಬರೇ ಇದ್ದರು. ಆ ತಂಡದ ಅಭಿಮಾನಿಯಲ್ಲದವರೂ ಅವರೊಬ್ಬರೇ.

2018ರ ಆಗಸ್ಟ್ 18, ಶನಿವಾರ. ಸ್ಕಾಟ್ಲೆಂಡಿನ ಪಶ್ಚಿಮ ತೀರಕ್ಕೆ ಅಂಟಿಕೊಂಡಂತಿರುವ ಸ್ಕೈ ದ್ವೀಪದಲ್ಲಿ ಪೋರ್ಟ್ರೀ ಎಂಬ ಪುಟ್ಟ ರೇವುಪಟ್ಟಣವಿದೆ. ಬೆಳಗಿನ ಚಳಿಯಲ್ಲಿ ಅಲ್ಲಿಂದ ನಮ್ಮ ಬಸ್ಸು ಹೊರಟಿತು. ಒಳಗೆ ಇದ್ದವರಲ್ಲಿ ಜರ್ಮನರು, ಡೇನರೇ ಹೆಚ್ಚು. ತಂಡ ಹುಟ್ಟಿದ ನೆಲವನ್ನು ಮೊದಲು ಕಣ್ಣಾರೆ ಕಂಡು ಆಮೇಲೆ ಕಚೇರಿಗೆ ಹೋಗಬೇಕೆಂಬುದು ಅವರ ಸಂಕಲ್ಪ. ನಾನು ಮೈಸೂರಿನವನು, ಆಗ ಗ್ಲಾಸ್ಗೋದಲ್ಲಿ ಮಗಳ ಮನೆಗೆ ಹೋಗಿದ್ದೆ. ಅವಳು ಎಂದೋ ಕಳಿಸಿದ್ದ ಒಂದು ಧ್ವನಿಮುದ್ರಿಕೆಯಿಂದ ನನಗೆ ಈ ಹುಚ್ಚು ಹಿಡಿದಿತ್ತು. ಅರವತ್ತು ದಾಟಿದವನಿಗೆ ಗಿಟಾರು, ಡ್ರಮ್ಮುಗಳ ಸಹವಾಸವೇ ಎಂದು ಮನೆಯಲ್ಲಿ ನಕ್ಕವರುಂಟು. ಬಸ್ಸಿನೊಳಗೆ ಯಾರೂ ನಗಲಿಲ್ಲ.

ತಂಡದ ಹೆಸರು ರನ್‌ರಿಗ್. ಇದು ಹಳೆಯ ಬೇಸಾಯದ ಮಾತು. ಸ್ಕಾಟ್ಲೆಂಡಿನ ಮಲೆಸೀಮೆಯಲ್ಲಿ ಒಂದು ಕಾಲಕ್ಕೆ ಊರ ಹೊಲವನ್ನು ಉದ್ದುದ್ದ ಪಟ್ಟಿಗಳಾಗಿ ವಿಂಗಡಿಸಿ, ಕಾಲಕಾಲಕ್ಕೆ ಚೀಟಿ ಎತ್ತಿ ಒಕ್ಕಲುಗಳಿಗೆ ಹಂಚುತ್ತಿದ್ದರು. ಒಳ್ಳೆಯ ಮಣ್ಣು ಒಬ್ಬನ ಪಾಲಿಗೇ ಉಳಿಯಬಾರದೆಂಬ ವ್ಯವಸ್ಥೆ ಅದು. ಮುಂದೆ ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಜಮೀನ್ದಾರರಿಗೆ ಒಕ್ಕಲಿಗಿಂತ ಕುರಿ ಲಾಭದಾಯಕವೆಂದು ಕಂಡಿತು. ಊರಿಗೆ ಊರೇ ಒಕ್ಕಲೆದ್ದು ಜನ ಹಡಗು ಹತ್ತಿದರು. ನೋವಾಸ್ಕೋಶಿಯದ ಕೇಪ್ ಬ್ರೆಟನ್ ದ್ವೀಪಕ್ಕೆ ಹೋದವರ ಸಂಖ್ಯೆ ದೊಡ್ಡದು. ಉಳಿದವರ ಮಕ್ಕಳಿಗೆಂದು 1872ರಲ್ಲಿ ಶಿಕ್ಷಣದ ಕಾಯಿದೆ ಬಂದಿತು. ಅದರಲ್ಲಿ ಗೇಲಿಕ್‌ಗೆ ಜಾಗವೇ ಇರಲಿಲ್ಲ. ಇಷ್ಟೆಲ್ಲ ಆದ ಮೇಲೆ, 1973ರಲ್ಲಿ, ರೋರಿ ಮತ್ತು ಕ್ಯಾಲಮ್ ಮ್ಯಾಕ್ಡೊನಾಲ್ಡ್ ಎಂಬ ಅಣ್ಣತಮ್ಮಂದಿರು ಬ್ಲೇರ್ ಡಗ್ಲಸ್ ಎಂಬ ಅಕಾರ್ಡಿಯನ್ ವಾದಕನನ್ನು ಕೂಡಿಕೊಂಡು ಕುಣಿತದ ಕೂಟಗಳಿಗೆ ನುಡಿಸಲು ತಂಡ ಕಟ್ಟಿದರು. 1978ರಲ್ಲಿ ಬಂದ ಅವರ ಮೊದಲ ಮುದ್ರಿಕೆಯ ಹೆಸರು 'ಪ್ಲೇ ಗೇಲಿಕ್'. ಗೇಲಿಕ್ ಎಂದರೆ ಅಜ್ಜಂದಿರ ಭಾಷೆ, ಇಗರ್ಜಿಯ ಭಾಷೆ ಎನ್ನುತ್ತಿದ್ದ ಕಾಲದಲ್ಲಿ ವಿದ್ಯುತ್ ಗಿಟಾರಿನ ಜೊತೆಗೆ ಅದನ್ನು ಹಾಡಿದ್ದು ಸಣ್ಣ ಧೈರ್ಯವಲ್ಲ. 1995ರಲ್ಲಿ ಅವರ ಒಂದು ಗೇಲಿಕ್ ಹಾಡು ಬ್ರಿಟನ್ನಿನ ಮೊದಲ ಇಪ್ಪತ್ತು ಹಾಡುಗಳ ಪಟ್ಟಿಯನ್ನು ಸೇರಿತು. ಅದಕ್ಕೆ ಮೊದಲು ಯಾವ ಸ್ಕಾಟಿಷ್ ಗೇಲಿಕ್ ಹಾಡೂ ಅಲ್ಲಿಗೆ ಏರಿರಲಿಲ್ಲ. ಏರುವುದಕ್ಕೆ ನೆರವಾದದ್ದು ಒಂದು ಬಿಯರಿನ ಜಾಹೀರಾತು ಎಂಬುದನ್ನೂ ಹೇಳಿಬಿಡಬೇಕು.

ಗ್ಲೆನ್‌ಕೋ ಕಣಿವೆ ಬರುವ ವೇಳೆಗೆ ಬಸ್ಸಿನಲ್ಲಿ ಎಲ್ಲರೂ ಎಲ್ಲರಿಗೂ ಪರಿಚಿತರಾಗಿದ್ದರು. ಯಾರು ಎಷ್ಟು ಕಚೇರಿ ಕೇಳಿದ್ದಾರೆ, ಯಾರು ಎಷ್ಟು ದೂರದಿಂದ ಬಂದಿದ್ದಾರೆ ಎಂಬ ಮಾತು ಎದ್ದಿತು. ಮೈಸೂರಿನವನೆಂದು ನಾನು ಸ್ವಲ್ಪ ಬೀಗಿದೆನೆಂದು ತೋರುತ್ತದೆ. ಅಷ್ಟರಲ್ಲಿ ಒಬ್ಬ ಜರ್ಮನ್ ಬಡಗಿ, "ಲಾರೆಲ್ ಕ್ಲಾರ್ಕ್‌ಗಿಂತ ದೂರ ಹೋದವರು ನಮ್ಮಲ್ಲಿ ಯಾರೂ ಇಲ್ಲ" ಎಂದ. ಬಸ್ಸು ಸುಮ್ಮನಾಯಿತು. 2003ರಲ್ಲಿ ಕೊಲಂಬಿಯ ನೌಕೆಯಲ್ಲಿ ನಮ್ಮ ಕಲ್ಪನಾ ಚಾವ್ಲಾ ಅವರೊಡನೆ ತೀರಿಕೊಂಡ ಗಗನಯಾತ್ರಿ ಆಕೆ. ಹಿಂದೆ ಸ್ಕಾಟ್ಲೆಂಡಿನಲ್ಲಿದ್ದಾಗ ಈ ತಂಡದ ಅಭಿಮಾನಿಯಾಗಿದ್ದವರು. ಅಂತರಿಕ್ಷಕ್ಕೆ ಒಯ್ದಿದ್ದ ರನ್‌ರಿಗ್ ಮುದ್ರಿಕೆ ನೌಕೆಯ ಅವಶೇಷಗಳಲ್ಲಿ ದೊರೆತು, ತಂಡದ ಕೈ ಸೇರಿತು.

ಗೇಲಿಕ್ ಬಲ್ಲವರೆಂದೆನಲ್ಲ, ಆ ವೃದ್ಧೆ ನನ್ನ ಪಕ್ಕದಲ್ಲೇ ಕುಳಿತಿದ್ದರು. ಎಪ್ಪತ್ತರ ಮೇಲಿನ ವಯಸ್ಸು, ಸ್ಕೈ ದ್ವೀಪದ ಉತ್ತರದ ಒಂದು ಹಳ್ಳಿಯವರು. ಟಿಕೀಟು ಅವರ ಮಗನದು. ವರ್ಷದ ಹಿಂದೆಯೇ ಕೊಂಡಿದ್ದವನು ಆಮೇಲೆ ಕೆಲಸ ಸಿಕ್ಕಿ ಕೆನಡಕ್ಕೆ ಹೋಗಿದ್ದ, ರಜೆ ಸಿಗಲಿಲ್ಲ. "ನೀನೇ ಹೋಗಿ ಬಾ ಅಂದ, ಹೊರಟೆ. ಈ ಗದ್ದಲ ನನಗೆ ಸೇರುವುದಿಲ್ಲ" ಎಂದರು.

ಹಿಂದಿನ ಸಾಲಿನವರು ಗೇಲಿಕ್ ಹಾಡೊಂದನ್ನು ಗುನುಗತೊಡಗಿದರು. ಬರಹದಲ್ಲಿ 'ಎಂ' ಮತ್ತು 'ಎಚ್' ಕೂಡಿ ಬಂದರೆ 'ವ' ಎಂದು ನುಡಿಯಬೇಕಾದ ಭಾಷೆ ಅದು. ಬಡಗಿ ಮಾತ್ರ ಬರೆದಂತೆಯೇ ನುಡಿಯುತ್ತಿದ್ದ. ಎರಡು ಸಲ ಸಹಿಸಿದ ವೃದ್ಧೆ ಮೂರನೆಯ ಸಲ ಹಿಂದಿರುಗಿ ತಿದ್ದಿದರು. ಅವನು ನಾಚಿಕೊಳ್ಳಲಿಲ್ಲ, ಸಂತೋಷಪಟ್ಟ. ಅಲ್ಲಿಂದ ಕ್ಯಾಲಂಡರ್ ಪಟ್ಟಣದವರೆಗೆ ಬಸ್ಸೇ ಪಾಠಶಾಲೆಯಾಯಿತು.

ಆ ನಡುವೆ ಡೆನ್ಮಾರ್ಕಿನ ಒಬ್ಬ ಉಪಾಧ್ಯಾಯಿನಿ ನನ್ನನ್ನು ಕೇಳಿದರು: "ಅರ್ಥ ತಿಳಿಯದ ಭಾಷೆಯ ಹಾಡನ್ನು ಹೀಗೆ ಪ್ರೀತಿಸುವುದು ನಮ್ಮ ಸೋಗಲ್ಲವೆ?" ನಾನು ಉತ್ಸಾಹದಿಂದ ತ್ಯಾಗರಾಜರ ವಿಷಯ ತೆಗೆದೆ. ನನ್ನ ತಾಯಿಗೆ ತೆಲುಗು ಬರುತ್ತಿರಲಿಲ್ಲ, ಆದರೂ ಆ ಕೀರ್ತನೆಗಳನ್ನು ಹಾಡುತ್ತ ಕಣ್ಣು ತುಂಬಿಕೊಳ್ಳುತ್ತಿದ್ದರು. ನಮ್ಮಲ್ಲಿ ಇದು ಮನೆಮನೆಯ ಸಂಗತಿ ಎಂದೆ. ಉಪಾಧ್ಯಾಯಿನಿಗೆ ಸಮಾಧಾನವಾಯಿತು. ಪಕ್ಕದ ವೃದ್ಧೆ ಕಿಟಕಿಯಿಂದ ಮುಖ ತಿರುಗಿಸದೆ ಕೇಳಿದರು: "ತೆಲುಗರ ಮಕ್ಕಳಿಗೆ ತೆಲುಗು ಬರುತ್ತದೆಯೆ?"

ನನ್ನ ಹೋಲಿಕೆ ಅಲ್ಲಿಗೆ ಕುಸಿಯಿತು. ಎಂಟು ಕೋಟಿ ಜನ ಆಡುವ ಭಾಷೆಯನ್ನು ತಿಳಿಯದೆ ಹಾಡುವುದು ಬೇರೆ. 2011ರ ಜನಗಣತಿಯಲ್ಲಿ ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಆಡಬಲ್ಲವರು ಸುಮಾರು 57 ಸಾವಿರ. ನಮ್ಮ ಒಂದು ತಾಲ್ಲೂಕು ಪಟ್ಟಣದ ಜನ. 2022ರಲ್ಲಿ ಅದು ಸುಮಾರು 70 ಸಾವಿರಕ್ಕೆ ಏರಿದೆ, ನಿಜ. ಆದರೆ ಗೇಲಿಕ್‌ನ ಕೊನೆಯ ಕೋಟೆಯಾದ ಪಶ್ಚಿಮ ದ್ವೀಪಗಳಲ್ಲಿ ಅದೇ ಗಣತಿ ಮೊದಲ ಬಾರಿಗೆ ಅರ್ಧಕ್ಕಿಂತ ಕಡಿಮೆ ಜನರನ್ನು ಕಂಡಿತು. ಒಲಿದು ಕಲಿಯುವವರು ಹೆಚ್ಚುತ್ತಿದ್ದಾರೆ. ಹಾಲಿನ ಜೊತೆ ಕಲಿತವರು ಕಡಿಮೆಯಾಗುತ್ತಿದ್ದಾರೆ.

ಅವರೇ ಮುಂದುವರಿಸಿದರು. ಶಾಲೆಯಲ್ಲಿ ಮನೆಮಾತು ಆಡಿದ್ದಕ್ಕೆ ಅವರಿಗೆ ಬೆತ್ತದ ಏಟು ಬಿದ್ದಿತ್ತಂತೆ. ತಮ್ಮ ಮಕ್ಕಳಿಗೆ ಅದು ಬೇಡವೆಂದು ಗಂಡ ಹೆಂಡತಿ ನಿಶ್ಚಯಿಸಿ, ತಾವಿಬ್ಬರೇ ಇದ್ದಾಗ ಗೇಲಿಕ್, ಮಕ್ಕಳೆದುರು ಇಂಗ್ಲಿಷ್ ಎಂದು ನಡೆಸಿದರು. ಮಗ ಹದಿನೈದು ವರ್ಷದವನಾದಾಗ ಈ ತಂಡದ ಕ್ಯಾಸೆಟ್ಟು ತಂದ. ಪದಗಳನ್ನು ಕಿವಿಯಲ್ಲಿ ಹಿಡಿದು ಕಾಗದದ ಮೇಲೆ ಬರೆದು, ಅಡಿಗೆಮನೆಗೆ ಬಂದು ಅರ್ಥ ಕೇಳುತ್ತಿದ್ದ. "ನಾನು ಅರ್ಥ ಹೇಳಿ ಕಳಿಸಿಬಿಡುತ್ತಿದ್ದೆ. ಕೂಡಿಸಿಕೊಂಡು ಮಾತಾಡಲಿಲ್ಲ." ಇಷ್ಟು ಹೇಳಿ ಕೈಚೀಲದಿಂದ ಬಿಸ್ಕತ್ತು ತೆಗೆದು ನನಗೊಂದು ಕೊಟ್ಟರು.

ಸ್ಟರ್ಲಿಂಗಿನ ಕೋಟೆ ಕಡಿದಾದ ಬಂಡೆಯ ಮೇಲಿದೆ. ಅದರ ಕೆಳಗಿನ ಉದ್ಯಾನದಲ್ಲಿ ವೇದಿಕೆ. ಶುಕ್ರವಾರ ಒಂದು, ಶನಿವಾರ ಒಂದು, ಎರಡು ರಾತ್ರಿ ಸೇರಿ ಸುಮಾರು 50 ಸಾವಿರ ಜನ ಬಂದಿದ್ದರು. ನಲವತ್ತೈದು ವರ್ಷ ನಡೆದ ತಂಡ ಆ ರಾತ್ರಿ ತಾನಾಗಿಯೇ ಮುಗಿಸುತ್ತಿತ್ತು. ಮುಖ್ಯ ಗಾಯಕ ಬ್ರೂಸ್ ಗತ್ರೊ 1998ರಲ್ಲಿ ಬಂದು ಸೇರಿದವರು, ಅದೇ ಕೇಪ್ ಬ್ರೆಟನ್ನಿನಿಂದ, 2023ರಲ್ಲಿ ತೀರಿಕೊಂಡರು. ಅವರು ಹಾಡಿದ್ದನ್ನೆಲ್ಲ ನಾನು ವರ್ಣಿಸಲಾರೆ. ಸಂಗೀತ ವಿಮರ್ಶೆ ನನ್ನ ಕೆಲಸವಲ್ಲ, ಮೇಲಾಗಿ ಅರ್ಧ ಹೊತ್ತು ನಾನು ನೋಡುತ್ತಿದ್ದದ್ದು ಪಕ್ಕದವರನ್ನು.

ಗೇಲಿಕ್ ಹಾಡು ಬಂದಾಗ ಸುತ್ತ ಇದ್ದವರೆಲ್ಲ ಕಣ್ಣು ಮುಚ್ಚಿ ಹಾಡಿದರು. ಆ ವೃದ್ಧೆ ಹಾಡಲಿಲ್ಲ. ವೇದಿಕೆಗೆ ಬೆನ್ನು ತಿರುಗಿಸಿ ನಿಂತು, ಹಾಡುತ್ತಿದ್ದ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಬಡಗಿ ತಿದ್ದಿಸಿಕೊಂಡ ಪದ ಬಂದಿತು; ಸರಿಯಾಗಿ ನುಡಿದ. ಅವರು ತಲೆಯಾಡಿಸಿದರು, ನಮ್ಮಲ್ಲಿ ಮೇಷ್ಟರು ಆಡಿಸುವಂತೆ. ಕೊನೆಗೆ 'ಲೋಖ್ ಲೋಮಂಡ್' ಬಂದಾಗ ಉದ್ಯಾನವೇ ಕುಣಿಯಿತು. ಅದು ಗೇಲಿಕ್ ಹಾಡಲ್ಲ. ಅವರು ಅದಕ್ಕೆ ಕೈತಟ್ಟಿದರು.

ಬಸ್ಸು ನಿಂತಿದ್ದ ಕಡೆಗೆ ಕತ್ತಲಲ್ಲಿ ನಡೆದು ಬರುವಾಗ ಅವರು ಹಿಂದೆ ಉಳಿದರು. ನಾನು ಕಾದು ನಿಂತೆ. ಬೇಲಿಯ ಪಕ್ಕ ನಿಂತು ಕೆನಡಕ್ಕೆ ಫೋನು ಮಾಡುತ್ತಿದ್ದರು. ಅಲ್ಲಿ ಇನ್ನೂ ಮಧ್ಯಾಹ್ನ ಇಳಿಯುವ ಹೊತ್ತು. ಏನೋ ಒಂದು ಮಾತು ಗೇಲಿಕ್‌ನಲ್ಲಿ ಕೇಳಿದರು. ಆ ಕಡೆಯಿಂದ ಸ್ವಲ್ಪ ಹೊತ್ತು ಉತ್ತರ ಬಂದಂತೆ ಕಾಣಲಿಲ್ಲ. ಅದನ್ನೇ ಇನ್ನೊಂದು ಸಲ, ನಿಧಾನವಾಗಿ, ಪದಪದ ಬಿಡಿಸಿ ಹೇಳಿದರು. ಇಂಗ್ಲಿಷಿಗೆ ತಿರುಗಲಿಲ್ಲ. ಚಾಲಕ ಎರಡು ಸಲ ಹಾರನ್ ಮಾಡಿದ. ನಾನು ಸ್ವಲ್ಪ ತಾಳೆಂದು ಕೈ ತೋರಿಸಿದೆ.