ಆತ್ಮದ ಬರಗಾಲ

(ಶತಮಾನೋತ್ಸವದ ಪೂರ್ವಸಿದ್ಧತೆಯ ಧ್ಯಾನಕೂಟದಲ್ಲಿ ಮಾಡಿದ ಉಪನ್ಯಾಸ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬುತ್ತಿರುವ ಈ ಸಂಭ್ರಮದ ವೇಳೆಯಲ್ಲಿ ಬರಗಾಲದ ಮಾತೇಕೆ ಎಂದು ತಾವು ಕೇಳಬಹುದು. ಹಬ್ಬದ ದಿನ ದೇವಾಲಯ ತುಂಬಿರುತ್ತದೆ; ಗಾಯನವೃಂದದ ದನಿಗೆ ಕಣ್ಣುಗಳು ತಾವಾಗಿಯೇ ಒದ್ದೆಯಾಗುತ್ತವೆ. ಮರುದಿನ ತೋರಣ ಬಾಡುತ್ತದೆ. ಅದೇ ಪೀಠದ ಮುಂದೆ ಮೊಣಕಾಲೂರಿದರೂ ಮನಸ್ಸು ಕಲ್ಲಾಗಿರುತ್ತದೆ. ಜಪಸರದ ಮಣಿಗಳು ಬೆರಳುಗಳಲ್ಲಿ ಸರಿಯುತ್ತವೆ, ಹೃದಯ ಮಾತ್ರ ಕದಲದು. ದೇವರು ನಮ್ಮನ್ನು ಮರೆತರೇ, ನಮ್ಮ ವಿಶ್ವಾಸವೇ ಹುಸಿಯೇ ಎಂಬ ಅಳುಕು ನಮ್ಮಲ್ಲಿ ಅನೇಕರನ್ನು ಕಾಡಿದೆ. ಅದನ್ನು ಯಾರಲ್ಲಿಯೂ ಹೇಳಿಕೊಳ್ಳಲಾರದೆ ಮೆಲ್ಲನೆ ಬಲಿಪೂಜೆಯಿಂದ ದೂರ ಸರಿದವರೂ ಉಂಟು. ಅವರನ್ನು ನೆನೆದೇ ಈ ನಾಲ್ಕು ಮಾತುಗಳನ್ನು ಆಡುತ್ತಿದ್ದೇವೆ.

ಈ ಶುಷ್ಕತೆ ಏಕೆ ಬರುತ್ತದೆ? ಸಂತ ಲೊಯೋಲದ ಇಗ್ನೇಷಿಯಸರು ತಮ್ಮ 'ಆಧ್ಯಾತ್ಮಿಕ ಸಾಧನೆಗಳು' ಗ್ರಂಥದಲ್ಲಿ ಮೂರು ಕಾರಣಗಳನ್ನು ಎಣಿಸುತ್ತಾರೆ. 1548ರಲ್ಲಿ ಪೋಪ್ ಮೂರನೆಯ ಪೌಲರ ಅನುಮೋದನೆ ಪಡೆದ ಗ್ರಂಥವದು. ಮೊದಲನೆಯದು, ಪ್ರಾರ್ಥನೆಯಲ್ಲಿ ನಮ್ಮದೇ ಉದಾಸೀನ. ಎರಡನೆಯದು, ಪ್ರತಿಫಲವಿಲ್ಲದೆಯೂ ನಾವು ಸೇವಿಸುವೆವೋ ಎಂಬ ಪರೀಕ್ಷೆ. ಮೂರನೆಯದು, ಸಾಂತ್ವನವೆಂಬುದು ನಮ್ಮ ಗಳಿಕೆಯಲ್ಲ, ದೇವರ ದಾನವೆಂಬ ಪಾಠ. ಈ ಮೂರರಲ್ಲಿ ಒಂದು ಮಾತ್ರವೇ ನಮ್ಮ ತಪ್ಪು ಎಂಬುದನ್ನು ಗಮನಿಸಬೇಕು. ಮನಸ್ಸು ಒಣಗಿದೊಡನೆ ದೇವರು ಮುನಿದರೆಂದು ತೀರ್ಮಾನಿಸುವುದು ಸಲ್ಲದು.

ಮನಸ್ಸಿನ ಕುಗ್ಗು ಕೆಲವೊಮ್ಮೆ ದೇಹದ ದಣಿವಿನ ಜೊತೆಗೂಡಿ ಬರುತ್ತದೆ. ಕಾರ್ಮೆಲ್ ಬೆಟ್ಟದಲ್ಲಿ ಜಯಗಳಿಸಿದ ಪ್ರವಾದಿ ಎಲೀಯನೇ ರಾಣಿ ಈಜೆಬೆಲಳಿಗೆ ಹೆದರಿ ಓಡಿ, ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು ಸಾವನ್ನು ಬೇಡಿದನು. ದೇವದೂತನು ಅವನನ್ನು ಗದರಿಸಲಿಲ್ಲ, ಬೋಧನೆ ಮಾಡಲೂ ಇಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟನು. ಅವನು ಮತ್ತೆ ಮಲಗಿದಾಗ ಮಲಗಲು ಬಿಟ್ಟು, ಎರಡನೆಯ ಬಾರಿಯೂ ಎಬ್ಬಿಸಿ ಉಣ್ಣಲು ಹೇಳಿದನು. ಹೋರೇಬಿನ ದರ್ಶನವಾದದ್ದು ಆಮೇಲೆ. ಆದುದರಿಂದ ನಿದ್ರೆ, ಆಹಾರಗಳು ದಿನಗಟ್ಟಲೆ ಸೇರದೆ ಬದುಕೇ ಬೇಡವೆನಿಸಿದಾಗ ತಡಮಾಡದೆ ವೈದ್ಯರ ಬಳಿಗೆ ಹೋಗುವುದು ವಿಶ್ವಾಸದ ಕೊರತೆಯಲ್ಲ. ನಮ್ಮ ಮನೆಯಲ್ಲಿ ಅಂಥವರಿದ್ದರೆ ಉಪದೇಶಕ್ಕೆ ಮೊದಲು ರೊಟ್ಟಿ, ನೀರು ಹಿಡಿದು ಪಕ್ಕದಲ್ಲಿರುವುದು ನಮ್ಮ ಕರ್ತವ್ಯ.

ಇನ್ನು ಪ್ರಾರ್ಥನೆಯ ಶುಷ್ಕತೆಯ ವಿಷಯ. 1970ರಲ್ಲಿ ಧರ್ಮಸಭೆಯ ಆಚಾರ್ಯೆಯೆಂದು ಘೋಷಿತರಾದ ಆವಿಲಾದ ಸಂತ ತೆರೇಸರು, ಪ್ರಾರ್ಥನೆಯ ಗಂಟೆ ಎಂದು ಮುಗಿದೀತೋ ಎಂದು ತಾವು ಕಾತರಿಸುತ್ತಿದ್ದ ವರ್ಷಗಳನ್ನು ತಮ್ಮ ಆತ್ಮಕಥೆಯಲ್ಲಿ ಮುಚ್ಚಿಡಲಿಲ್ಲ. ಅವರು ಆತ್ಮವನ್ನು ತೋಟಕ್ಕೆ ಹೋಲಿಸುತ್ತಾರೆ. ತೋಟಕ್ಕೆ ನೀರು ಬಾವಿಯಿಂದ ಸೇದಿ ಬರಬಹುದು, ರಾಟೆಯಿಂದ ಬರಬಹುದು, ಹೊಳೆಯಿಂದ ಹರಿಯಬಹುದು, ಮಳೆಯಾಗಿ ಸುರಿಯಬಹುದು. ಕೊಡ ಇಳಿಬಿಟ್ಟಷ್ಟು ಸಲವೂ ಬರಿದಾಗಿಯೇ ಮೇಲೆ ಬಂದರೆ? ತೋಟಗಾರನು ಬಾವಿಯನ್ನು ಬಿಟ್ಟು ಹೋಗಬಾರದು ಎನ್ನುತ್ತಾರೆ ಆಕೆ. ತೋಟ ಅವನದಲ್ಲ, ಪ್ರಭುವಿನದು. ನೀರಿಲ್ಲದೆಯೂ ಹೂಗಳನ್ನು ಬದುಕಿಸಲು ಪ್ರಭು ಬಲ್ಲನು. ಬರದ ಕಾಲವನ್ನು ಕಂಡ ನಮ್ಮ ರೈತರಿಗೆ ಈ ಮಾತು ಹೊಸದಲ್ಲ. ಮಳೆ ತಡವಾಯಿತೆಂದು ಅವರು ಹೊಲವನ್ನು ಮಾರಿ ಹೋಗುವುದಿಲ್ಲ. ಉತ್ತು ಹದಮಾಡಿ ಕಾಯುತ್ತಾರೆ.

ಹಾಗಾದರೆ ನಾವು ಮಾಡಬೇಕಾದುದೇನು? ಇಗ್ನೇಷಿಯಸರ ಉತ್ತರ ಸ್ಪಷ್ಟವಾಗಿದೆ. ಕತ್ತಲೆಯಲ್ಲಿರುವಾಗ, ಬೆಳಕಿನಲ್ಲಿ ಮಾಡಿದ ಸಂಕಲ್ಪವನ್ನು ಬದಲಿಸಬಾರದು. ಪ್ರಾರ್ಥನೆಗೆಂದು ಇಟ್ಟ ಸಮಯವನ್ನು ಕಡಿಮೆ ಮಾಡುವ ಬದಲು ಸ್ವಲ್ಪ ಹೆಚ್ಚೇ ನಿಲ್ಲಬೇಕು. ಗುಟ್ಟಾಗಿ ಕೊರಗದೆ ಗುರುಗಳಲ್ಲಿ ತೋಡಿಕೊಳ್ಳಬೇಕು. ಏಕೆಂದರೆ ವೈರಿಗೆ ಬೇಕಾದುದು ನಮ್ಮ ಮೌನ. ಭಾವನೆ ಬಾರದಿದ್ದರೂ ಪಾದ ದೇವಾಲಯದತ್ತ ನಡೆಯಲಿ. ತುಟಿ ಒಣಗಿದ್ದರೂ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎನ್ನಲಿ. ಅಂದಿನ ಪರಮಪ್ರಸಾದ ರುಚಿಸದಿದ್ದರೂ ಅದು ಪ್ರಭುವಿನ ಶರೀರವೇ.

ಕೋಲ್ಕತ್ತದ ಸಂತ ತೆರೇಸರು 1997ರಲ್ಲಿ ದೈವಾಧೀನರಾದ ಹತ್ತು ವರ್ಷಗಳ ಮೇಲೆ, 2007ರಲ್ಲಿ, ಅವರ ಖಾಸಗಿ ಪತ್ರಗಳು ಪ್ರಕಟವಾದವು. ನಗುಮೊಗದ ಆ ತಾಯಿ ಹಲವಾರು ದಶಕಗಳ ಕಾಲ ಒಳಗತ್ತಲೆಯಲ್ಲಿ ನಡೆದರೆಂದು ಜಗತ್ತು ಆಗ ಅರಿತಿತು. ಆ ಕಾಲದಲ್ಲಿಯೂ ಅವರು ಆರಾಧನೆಯನ್ನು ಬಿಡಲಿಲ್ಲ, ಬಡವರನ್ನು ಕೈಬಿಡಲಿಲ್ಲ. ಧರ್ಮಸಭೆ 2016ರಲ್ಲಿ ಅವರನ್ನು ಸಂತರ ಶ್ರೇಣಿಗೆ ಏರಿಸಿತು.

ಪ್ರಿಯರೇ, ಈ ದೇವಾಲಯದ ನೂರು ವರ್ಷಗಳು ಹಬ್ಬಗಳಿಂದ ಮಾತ್ರ ತುಂಬಿದವಲ್ಲ. ಒಣಮನಸ್ಸಿನಿಂದ ಬಂದು, ಏನೂ ಅನಿಸದೆ ಮರಳಿ, ಮರುದಿನ ಮತ್ತೆ ಬಂದ ನಮ್ಮ ಹಿರಿಯರ ನಿಷ್ಠೆಯೂ ಈ ಗೋಡೆಗಳನ್ನು ಹೊತ್ತಿದೆ. ಶಿಲುಬೆಯ ಮೇಲೆ ಕೈಬಿಡಲ್ಪಟ್ಟವನಂತೆ ಕೂಗಿದ ಪ್ರಭುವೇ ತನ್ನ ಆತ್ಮವನ್ನು ತಂದೆಯ ಕೈಗೆ ಒಪ್ಪಿಸಿದನು. ಅವನ ಜೊತೆಯಲ್ಲಿ ನಾವೂ ಬಾವಿಯ ಬಳಿ ಕಾಯೋಣ. ದೂರ ಸರಿದ ಸಹೋದರರ ಮನೆಯ ಬಾಗಿಲನ್ನು ತಟ್ಟಿ, ಅವರನ್ನೂ ಜೊತೆಗೆ ಕರೆದು ತರೋಣ. ಮಳೆ ಸುರಿಸುವುದು ದೇವರ ಕೆಲಸ, ಹಗ್ಗ ಬಿಡದಿರುವುದು ನಮ್ಮದು.

ದೇವರು ನಮ್ಮೆಲ್ಲರನ್ನೂ ಆಶೀರ್ವದಿಸಲಿ.