ಮಕ್ಕಳ ದೋಣಿ



ಕಳೆದ ಎರಡು ಬೇಸಗೆಯ ರಜಗಳಲ್ಲಿ ನಾನು ಕೈಯಾರೆ ಎರಡು ಚಿಕ್ಕ ದೋಣಿಗಳನ್ನು ಕಟ್ಟಿದೆನು. ಮೊದಲನೆಯದು ಮಗುಚಿಕೊಂಡಿತು, ಎರಡನೆಯದು ತೇಲುತ್ತಿದೆ. ಇವೆರಡರ ನಡುವೆ ಕಲಿತದ್ದನ್ನು ತಮ್ಮೊಡನೆ ಹೇಳಿಕೊಳ್ಳಬೇಕೆಂದು ಬಂದಿದ್ದೇನೆ. ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸಿ ಹೊಟ್ಟೆ ಹೊರೆಯುವವನಿಗೆ ಈ ಬಡಗಿಯ ಕೆಲಸವೇಕೆಂದು ತಾವು ಕೇಳಬಹುದು. ನನ್ನ ಮನೆಯವರೂ ಕೇಳಿದರು.

ನನ್ನ ಮಾವನವರ ಮನೆ ಕುಂದಾಪುರದ ಬಳಿ, ಪಂಚಗಂಗಾವಳಿಯ ದಡದಲ್ಲಿದೆ. ಅಂಗಳದಿಂದ ಇಪ್ಪತ್ತು ಹೆಜ್ಜೆ ಇಟ್ಟರೆ ನೀರು. ಒಂಬತ್ತು ವರ್ಷದ ನನ್ನ ಮಗಳು ಅಲ್ಲಿನ ಹುಡುಗರು ದೋಣಿಯಲ್ಲಿ ಓಡಾಡುವುದನ್ನು ನೋಡಿ, ತನಗೂ ಒಂದು ಬೇಕೆಂದು ಹಟ ಹಿಡಿದಳು. ಆಗ ನನ್ನ ಕಣ್ಣಿಗೆ ಕಟ್ಟಿದುದು ದೋಣಿಯಲ್ಲ, ನಮ್ಮೂರಿನ ಕೆರೆ. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ನನ್ನ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದ ಹುಡುಗನೊಬ್ಬನು ಆ ಕೆರೆಯಲ್ಲಿ ತೀರಿಕೊಂಡನು. ಅಂದಿನಿಂದ ಊರಿನ ತಾಯಂದಿರೆಲ್ಲರೂ ಮಕ್ಕಳಿಗೆ ನೀರನ್ನೇ ನಿಷೇಧಿಸಿದರು. ಈಜನ್ನು ಕಲಿಸಿರೆಂದು ಒಬ್ಬರೂ ಹೇಳಲಿಲ್ಲ. ನಾನೂ ಕಲಿಯದೆಯೇ ನಲವತ್ತು ವರ್ಷ ದಾಟಿದೆನು. ಆದುದರಿಂದ ನನ್ನ ದೋಣಿ ಮೊದಲಾದದ್ದು ಗರಗಸದಿಂದಲ್ಲ. ತಂದೆ ಮಗಳಿಬ್ಬರೂ ಒಂದು ವರ್ಷ ಬೆಳಗಿನ ಹೊತ್ತು ಈಜುಕೊಳಕ್ಕೆ ಹೋದುದರಿಂದ. ಮಗಳು ಎರಡು ತಿಂಗಳಲ್ಲಿ ಕಲಿತಳು. ನನ್ನ ವಿಷಯವನ್ನು ವಿಸ್ತರಿಸುವುದು ಬೇಡ.

ಪಡುವಣ ಕರಾವಳಿಯಲ್ಲಿ ದೋಣಿಯ ಕೆಲಸ ಬಹು ಹಳೆಯದು. ಒಂದೇ ಮರದ ದಿಮ್ಮಿಯನ್ನು ಕೊರೆದು ತೋಡಿದ ದೋಣಿಗಳಲ್ಲದೆ, ಹಲಗೆಗಳನ್ನು ಹೊಲಿದು ಕೂಡಿಸಿದ ದೋಣಿಗಳೂ ಇಲ್ಲಿ ಇದ್ದುವು. 14ನೆಯ ಶತಮಾನದಲ್ಲಿ ಹೊನ್ನಾವರವನ್ನು ಕಂಡುಹೋದ ಇಬ್ನ್ ಬತೂತನು, ಭಾರತದ ಹಡಗುಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರೆಂದೂ, ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುವುದೆಂದೂ, ಹೊಲಿದ ಹಡಗು ಬಾಗಿಕೊಟ್ಟು ಉಳಿಯುವುದೆಂದೂ ಬರೆದಿದ್ದಾನೆ. ವಿನೋದವೆಂದರೆ, ಮನೆಯಲ್ಲಿಯೇ ದೋಣಿ ಕಟ್ಟಿಕೊಳ್ಳುವವರು ಇಂದು ಜಗತ್ತಿನಲ್ಲೆಲ್ಲ ಅನುಸರಿಸುವ ಕ್ರಮವೂ ಹೊಲಿಗೆಯೇ. 1963ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಮಿರರ್ ಎಂಬ ಪುಟ್ಟ ಹಾಯಿದೋಣಿಯಿಂದ ಇದು ಬಹಳ ಪ್ರಚಾರಕ್ಕೆ ಬಂದಿತು. ಪ್ಲೈವುಡ್ ಹಲಗೆಗಳ ಅಂಚಿನಲ್ಲಿ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಸಂದುಗಳಿಗೆ ರಾಳದಂತಹ ಅಂಟನ್ನೂ ಗಾಜಿನೆಳೆಯ ಪಟ್ಟಿಯನ್ನೂ ಹಾಕಿ ಬಿಗಿಮಾಡುತ್ತಾರೆ. ನಾರು ಹೋಗಿ ತಂತಿ ಬಂದಿದೆ, ಅಷ್ಟೆ.

ನನ್ನ ಮೊದಲನೆಯ ದೋಣಿ ಕೆಟ್ಟುದು ಹೊಲಿಗೆಯಿಂದಲ್ಲ, ಓದಿನಿಂದ. ಜಾನ್ ಮೆಕ್‌ಗ್ರೆಗರ್ ಎಂಬ ಸಾಹಸಿಯು 1865ರಲ್ಲಿ ‘ರಾಬ್ ರಾಯ್’ ಎಂಬ ಚಿಕ್ಕ ದೋಣಿಯಲ್ಲಿ ಯೂರೋಪಿನ ನದಿಗಳನ್ನು ಸುತ್ತಿ ಬಂದನು. ಅದರ ಉದ್ದ 15 ಅಡಿ, ಅಗಲ 28 ಅಂಗುಲ. ಮಕ್ಕಳಿಗಾದುದರಿಂದ ಎಲ್ಲವನ್ನೂ ಅರ್ಧಮಾಡಿದರೆ ಸರಿಯೆಂದು ನಾನು ಲೆಕ್ಕಹಾಕಿದೆನು. ಹಾಗಾದರೆ ಅಗಲ 14 ಅಂಗುಲವಾಗುತ್ತದೆ. ಧಾರಾಳವಾಗಿರಲೆಂದು 18 ಅಂಗುಲ ಮಾಡಿ, ಕುಳಿತುಕೊಳ್ಳಲು ಒಂದು ಮಣೆಯನ್ನೂ ಎತ್ತರದಲ್ಲಿ ಕೂರಿಸಿದೆನು. ನೋಡುವುದಕ್ಕೆ ಅದು ಬಾಳೆಯ ಹೂವಿನಂತೆ ಅಂದವಾಗಿತ್ತು. ನೆರೆಯ ಮುದುಕ ಆಚಾರಿಯೊಬ್ಬರು, ಹಿಂದೆ ದೋಣಿ ಕಟ್ಟುತ್ತಿದ್ದವರು, ಬಂದು ಸುತ್ತಲೂ ನೋಡಿ, “ಮಾಷ್ಟ್ರೆ, ಅಲ್ಲಾಡದೆ ಕೂರುವವರಿಗಾದರೆ ಇದು ಸರಿ. ಮಕ್ಕಳು ಅಲ್ಲಾಡದೆ ಕೂರುತ್ತಾರೆಯೆ?” ಎಂದರು. ನಾನು ನಕ್ಕೆನು.

ಮರುದಿನ ಸೊಂಟದಷ್ಟು ನೀರಿನಲ್ಲಿ ಮಗಳನ್ನು ಅದರಲ್ಲಿ ಕೂರಿಸಿದೆನು. ಮೀನೊಂದು ನೆಗೆದುದನ್ನು ನೋಡಲು ಅವಳು ಪಕ್ಕಕ್ಕೆ ತಿರುಗಿದಳು. ದೋಣಿ ಬೋರಲಾಯಿತು. ಅವಳು ದೋಣಿಯ ಕೆಳಗೆ ಇದ್ದುದು ಎರಡು ಮೂರು ಸೆಕೆಂಡುಗಳಿರಬಹುದು. ಅಷ್ಟರಲ್ಲಿ ನಾನು ನಮ್ಮೂರಿನ ಕೆರೆಗೆ ಹೋಗಿ ಬಂದೆನು. ಅವಳು ತಾನಾಗಿಯೇ ಮೇಲೆ ಬಂದು, ಅಳದೆ, ಮಾತನಾಡದೆ ಮನೆಯೊಳಕ್ಕೆ ಹೋದಳು. ಆ ರಜದಲ್ಲಿ ಮತ್ತೆ ದೋಣಿಯ ಹೆಸರೆತ್ತಲಿಲ್ಲ.

ಮೈಸೂರಿಗೆ ಹಿಂದಿರುಗಿದ ಮೇಲೆ ಭೌತಶಾಸ್ತ್ರದ ಸಹೋದ್ಯೋಗಿಯೊಬ್ಬರು ನನ್ನ ತಪ್ಪನ್ನು ಕಾಗದದ ಮೇಲೆ ತೋರಿಸಿಕೊಟ್ಟರು. ದೋಣಿಯ ಸ್ಥಿರತೆಗೆ ಆಧಾರವಾದ ಗುಣವು ಅದರ ಅಗಲದ ಘನದಂತೆ ಹೆಚ್ಚುತ್ತದೆ. ಒಂದೂವರೆ ಅಡಿಯ ಅಗಲವನ್ನು ಎರಡಡಿ ಮಾಡಿದರೆ ಆ ಗುಣವು ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಅಗಲವನ್ನು ಅರ್ಧಮಾಡಿದರೆ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ. ದೊಡ್ಡವರ ದೋಣಿಯನ್ನು ಕುಗ್ಗಿಸಿದರೆ ಅದು ಮಕ್ಕಳ ದೋಣಿಯಾಗುವುದಿಲ್ಲ. ಮಗುವು ದೊಡ್ಡವನಿಗಿಂತ ಹೆಚ್ಚಾಗಿ ಅಲುಗಾಡುವ ಪ್ರಾಣಿ. ಅದಕ್ಕೆ ಉದ್ದಕ್ಕಿಂತ ಅಗಲವೇ ಮುಖ್ಯ. (ದೊಡ್ಡವರ ವ್ಯಾಕರಣವನ್ನು ಕುಗ್ಗಿಸಿ ಮಕ್ಕಳ ವ್ಯಾಕರಣವನ್ನು ಮಾಡುವ ನಮ್ಮ ಪಠ್ಯಪುಸ್ತಕಗಳೂ ನನಗೆ ಆಗ ನೆನಪಾದುವು.)

ಎರಡನೆಯ ದೋಣಿಗೆ ನೀರಿಗೆ ತಾಳುವ 6 ಮಿಲಿಮೀಟರ್ ದಪ್ಪದ ಪ್ಲೈವುಡ್ ಹಾಳೆ ಒಂದೇ ಸಾಕಾಯಿತು. 8 ಅಡಿ ಉದ್ದ, 4 ಅಡಿ ಅಗಲದ ಹಾಳೆಯಲ್ಲಿ 2 ಅಡಿಯ ತಳ, 1 ಅಡಿಯ ಎರಡು ಪಕ್ಕಗಳು ಬರುತ್ತವೆ. ಪಕ್ಕದ ಹಲಗೆಗಳು ಬಾಗಬೇಕಾದುದರಿಂದ ದೋಣಿಯು ಸುಮಾರು ಏಳೂವರೆ ಅಡಿಗೆ ನಿಲ್ಲುತ್ತದೆ. ನಾಲ್ಕು ಅಂಗುಲಕ್ಕೊಂದರಂತೆ ತೂತುಗಳನ್ನು ಬೈರಿಗೆಯಿಂದ ಕೊರೆದು ತಂತಿಯನ್ನು ಪೋಣಿಸುವ ಕೆಲಸವನ್ನು ಮಗಳೂ ಅವಳ ಸೋದರಮಾವನ ಮಗನೂ ಮಾಡಿದರು. ಚಪ್ಪಟೆಯಾಗಿದ್ದ ಮೂರು ಹಲಗೆಗಳು ತಂತಿ ಬಿಗಿಯಾಗುತ್ತ ಬಂದಂತೆ ಕಣ್ಣೆದುರಿಗೇ ದೋಣಿಯಾಗಿ ಎದ್ದು ನಿಂತಾಗ, ಒಂದು ವರ್ಷದಿಂದ ಸುಮ್ಮನಿದ್ದ ಹುಡುಗಿ ಬಾಯಿಬಿಟ್ಟು, “ಅಪ್ಪಾ, ಇದು ಅಗಲವಾಗಿದೆ” ಎಂದಳು. ಅಂಟಿನ ಕೆಲಸವನ್ನು ಮಾತ್ರ ಮಕ್ಕಳಿಗೆ ಕೊಡಬಾರದು. ಕೈಗೆ ಗವುಸು ಬೇಕು. ಒಂದೇ ಪಾತ್ರೆಯಲ್ಲಿ ಹೆಚ್ಚು ಕಲಸಿಟ್ಟರೆ ಅದು ತಾನೇ ಕಾದು ಹೊಗೆಯಾಡುತ್ತದೆ. ಅತ್ತೆಯವರ ಪಾತ್ರೆಯೊಂದು ಹೀಗೆ ಹೋಯಿತು.

ಮಣೆಯನ್ನು ತೆಗೆದುಹಾಕಿ, ತಳದಲ್ಲಿಯೇ ಚಾಪೆ ಹಾಸಿದೆವು; ಭಾರವು ಕೆಳಗಿದ್ದಷ್ಟೂ ದೋಣಿ ಹೊಯ್ದಾಡುವುದು ಕಡಮೆ. ಎರಡು ತುದಿಗಳಲ್ಲಿಯೂ ಗಾಳಿಯ ಗೂಡುಗಳನ್ನು ಮುಚ್ಚಿ ಅಂಟಿಸಿದೆವು. ನೀರು ತುಂಬಿದರೂ ದೋಣಿ ಮುಳುಗದು. ತಲಾ 25 ಕಿಲೋಗ್ರಾಂ ತೂಕದ ಇಬ್ಬರು ಮಕ್ಕಳೂ ಸುಮಾರು 15 ಕಿಲೋಗ್ರಾಂ ದೋಣಿಯೂ ಸೇರಿದರೆ ಅದು ನೀರಿನಲ್ಲಿ ಇಳಿಯುವುದು ಮೂರು ಅಂಗುಲಕ್ಕೂ ಕಡಮೆ. ಹುಟ್ಟುಗಳನ್ನು ಮಕ್ಕಳ ಗಲ್ಲದ ಎತ್ತರಕ್ಕೆ ಕೊಯ್ದೆವು.

ನೀರಿಗಿಳಿಸಿದ ದಿನ ಮೊದಲು ಮಾಡಿದ ಕೆಲಸವೆಂದರೆ ಬೇಕೆಂದೇ ಮಗುಚಿದುದು. ತೇಲುವ ಅಂಗಿ ತೊಟ್ಟ ಮಕ್ಕಳಿಬ್ಬರೂ ಸೊಂಟದಷ್ಟು ನೀರಿನಲ್ಲಿ ಒಂದೇ ಕಡೆಗೆ ವಾಲಿ, ಬಿದ್ದು, ಮೇಲೆ ಬಂದು, ದೋಣಿಯ ಅಂಚನ್ನು ಹಿಡಿದುಕೊಳ್ಳಬೇಕು. ಹಿಡಿದುದನ್ನು ಬಿಟ್ಟು ದಡಕ್ಕೆ ಈಜಲು ಹೋಗಬಾರದು. ಮೊದಲನೆಯ ಬಾರಿ ಮಗಳ ಮುಖ ಬಿಳಿಚಿಕೊಂಡಿತ್ತು. ಐದನೆಯ ಬಾರಿಗೆ ಇಬ್ಬರೂ ನಗುತ್ತಿದ್ದರು. ಆಚಾರಿಯವರು ದಡದಲ್ಲಿ ಕುಳಿತು, ಕಟ್ಟಿದ ದೋಣಿಯನ್ನು ತಾವೇ ಮಗುಚುವವರನ್ನು ಈ ಜನ್ಮದಲ್ಲಿ ಕಾಣಲಿಲ್ಲವೆಂದರು. ಆದರೆ ಹೊತ್ತನ್ನು ಗೊತ್ತುಮಾಡಿದವರು ಅವರೇ. ನೀರು ಏರುವ ಭರತದ ಹೊತ್ತಿನಲ್ಲಿಯೇ ಬಿಡಬೇಕು. ಇಳಿತದಲ್ಲಿ ಹುಟ್ಟು ಕೈಜಾರಿದರೆ ದೋಣಿ ಕಡಲಿನ ಕಡೆಗೆ ಹೋಗುತ್ತದೆ.

ನಾಲ್ಕನೆಯ ದಿನ ಮಕ್ಕಳಿಬ್ಬರೇ ಮೂವತ್ತು ಗಜ ದೂರದ ಮರಳುದಿಣ್ಣೆಗೆ ಹೊರಟರು. ನಾನು ಎದೆಮಟ್ಟದ ನೀರಿನಲ್ಲಿ ನಿಂತಿದ್ದೆನು. ಮಗಳು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ದಿಣ್ಣೆಯ ಮೇಲೆ ಇಳಿದು, ಚಿಪ್ಪುಗಳನ್ನು ಆಯ್ದು, ದೋಣಿಯನ್ನು ತಳ್ಳಿಕೊಂಡು ಮತ್ತೆ ಬಂದರು. ಗೆರಟೆಯಿಂದ ತಳದ ನೀರನ್ನು ಮೊಗೆದು ಚೆಲ್ಲುತ್ತ ಅವಳು, ನಾಳೆ ಭರತ ಎಷ್ಟು ಗಂಟೆಗೆ ಎಂದು ಕೇಳಿದಳು. ಇಂದಿಗಿಂತ ಐವತ್ತು ನಿಮಿಷ ತಡವಾಗಿ ಎಂದೆನು.