ಕಾರ್ಖಾನೆಯ ಜಾಲದಲ್ಲಿ ಎರಡನೆಯ ದಾರಿ



ದೊಡ್ಡ ಕಾರ್ಖಾನೆಗಳಲ್ಲಿ ಯಂತ್ರಗಳನ್ನು ನಿಯಂತ್ರಿಸುವ ಸಂದೇಶಗಳು ಈಗ ಬಹುಮಟ್ಟಿಗೆ ಈಥರ್ನೆಟ್ ಜಾಲದಲ್ಲಿಯೇ ಸಂಚರಿಸುತ್ತವೆ. ಒಂದು ವಿಭಾಗದ ಜಾಲವನ್ನು ಇನ್ನೊಂದಕ್ಕೆ ಕೂಡಿಸುವ ಕೇಬಲ್ಲು ಒಂದೇ ಆಗಿದ್ದು ಅದು ತುಂಡಾಯಿತೆಂದರೆ, ಎರಡು ಕಡೆಯ ಯಂತ್ರಗಳೂ ಸುಸ್ಥಿತಿಯಲ್ಲಿದ್ದರೂ ಪರಸ್ಪರ ಸಂಪರ್ಕವಿಲ್ಲದೆ ಕೆಲಸ ಸ್ಥಗಿತವಾಗುತ್ತದೆ. ಹಾಗಾದರೆ ಎರಡನೆಯ ಕೇಬಲ್ಲೊಂದನ್ನು ಎಳೆದರೆ ಸಾಲದೆ? ಸಾಲದು, ನಿಯಮವಿಲ್ಲದೆ ಎಳೆದ ಎರಡನೆಯ ಕೇಬಲ್ಲು ಇಡಿಯ ಜಾಲವನ್ನೇ ಕೆಡಿಸಬಲ್ಲುದು.

ಇದರ ಕಾರಣವು ಈಥರ್ನೆಟ್ಟಿನ ರಚನೆಯಲ್ಲಿಯೇ ಇದೆ. ಎಲ್ಲ ಯಂತ್ರಗಳಿಗೂ ಸಲ್ಲಬೇಕಾದ ಸಂದೇಶವನ್ನು, ಜಾಲದ ಕೇಬಲ್ಲುಗಳನ್ನು ಕೂಡಿಸುವ ಸ್ವಿಚ್ಚು ಎಂಬ ಸಾಧನವು, ಅದು ಬಂದ ದಾರಿಯೊಂದನ್ನುಳಿದು, ಮಿಕ್ಕೆಲ್ಲ ದಾರಿಗಳಿಗೂ ಕಳುಹಿಸುತ್ತದೆ. ಇಂತಿಷ್ಟು ಸ್ವಿಚ್ಚುಗಳನ್ನು ದಾಟಿದ ಬಳಿಕ ಲಯವಾಗತಕ್ಕದ್ದೆಂಬ ಗಣನೆ ಆ ಸಂದೇಶದಲ್ಲಿ ಇಲ್ಲವಾದುದರಿಂದ, ಎರಡು ದಾರಿಗಳು ಕೂಡಿ ವರ್ತುಲವಾದಲ್ಲಿ ಅದು ಕೊನೆಯಿಲ್ಲದೆ ಸುತ್ತಿ ಸುತ್ತಿ ಜಾಲದ ಸಮಸ್ತ ಸಾಮರ್ಥ್ಯವನ್ನೂ ನುಂಗಿಬಿಡುತ್ತದೆ. ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ ಸಂಸ್ಥೆಯಲ್ಲಿದ್ದ ರೇಡಿಯಾ ಪರ್ಲ್‌ಮನ್ ಎಂಬ ವಿದುಷಿ 1985ರಲ್ಲಿ ಇದಕ್ಕೆ ಪರಿಹಾರವನ್ನು ರೂಪಿಸಿದರು. ಜಾಲದ ಸಾಧನಗಳು ತಮ್ಮೊಳಗೇ ವಿಚಾರ ವಿನಿಮಯ ಮಾಡಿಕೊಂಡು, ಹೆಚ್ಚಿನ ದಾರಿಗಳನ್ನು ತಾವೇ ಮುಚ್ಚಿಟ್ಟು, ಬಳಕೆಯ ದಾರಿ ಕೆಟ್ಟಾಗ ಮುಚ್ಚಿದುದನ್ನು ತೆರೆಯುವ ಆ ಕ್ರಮಕ್ಕೆ ಸ್ಪ್ಯಾನಿಂಗ್ ಟ್ರೀ ಎಂದು ಹೆಸರು. ಆದರೆ ಅದರ ಮೂಲರೂಪದಲ್ಲಿ ಈ ಬದಲಾವಣೆಗೆ 30ರಿಂದ 50 ಸೆಕೆಂಡು ಹಿಡಿಯುತ್ತಿತ್ತು. ಕಚೇರಿಗೆ ಸಹ್ಯವಾದ ಈ ವಿಳಂಬ ಓಡುತ್ತಿರುವ ಯಂತ್ರಕ್ಕೆ ಸಹ್ಯವಲ್ಲ.

ಆದುದರಿಂದ ಕಾರ್ಖಾನೆಗಳಲ್ಲಿ ಸ್ವಿಚ್ಚುಗಳನ್ನು ಉಂಗುರದಂತೆ ಜೋಡಿಸಿ, ಅವುಗಳಲ್ಲೊಂದಕ್ಕೆ ಮೇಲ್ವಿಚಾರಣೆಯನ್ನು ವಹಿಸುವ ಪದ್ಧತಿ ಬಂದಿತು. ಆ ಸ್ವಿಚ್ಚು ತನ್ನ ಒಂದು ಬಾಗಿಲನ್ನು ಮುಚ್ಚಿಟ್ಟುಕೊಂಡು, ಎರಡೂ ದಿಕ್ಕಿಗೆ ಪರೀಕ್ಷಾ ಸಂದೇಶಗಳನ್ನು ಎಡೆಬಿಡದೆ ಕಳುಹಿಸುತ್ತ, ಅವು ಮರಳಿ ಬಾರದಿದ್ದೊಡನೆ ಬಾಗಿಲನ್ನು ತೆರೆಯುತ್ತದೆ. ಈ ಪದ್ಧತಿಯನ್ನು ವಿಧಿಸುವ ಎಂಆರ್‌ಪಿ ಎಂಬ ಅಂತರರಾಷ್ಟ್ರೀಯ ನಿಯಮದಂತೆ 50 ಸ್ವಿಚ್ಚುಗಳ ಉಂಗುರವೂ 200 ಮಿಲಿಸೆಕೆಂಡಿನೊಳಗೆ ಚೇತರಿಸಿಕೊಳ್ಳಬಲ್ಲುದು. ಇಂತಹ ಎರಡು ಉಂಗುರಗಳನ್ನು ಕೂಡಿಸುವಾಗಲೂ ಬೇರೆ ಬೇರೆ ಸ್ವಿಚ್ಚುಗಳಿಂದ ಎರಡು ಕೊಂಡಿಗಳನ್ನು ಎಳೆದು, ಒಂದನ್ನು ದುಡಿಮೆಗೂ ಇನ್ನೊಂದನ್ನು ಆಪತ್ಕಾಲಕ್ಕೂ ನಿಯಮಿಸುತ್ತಾರೆ. ವಿದ್ಯುತ್ ಉಪಕೇಂದ್ರಗಳಂತಹ ಎಡೆಗಳಲ್ಲಿ ಇಷ್ಟು ವಿಳಂಬವೂ ಸಲ್ಲದೆಂದು, ಪಿಆರ್‌ಪಿ ಎಂಬ ಕ್ರಮದಲ್ಲಿ ಪ್ರತಿಯೊಂದು ಸಂದೇಶದ ಎರಡು ಪ್ರತಿಗಳನ್ನು ಎರಡು ಪ್ರತ್ಯೇಕ ಜಾಲಗಳಲ್ಲಿ ಏಕಕಾಲಕ್ಕೆ ಕಳುಹಿಸಿ, ಮೊದಲು ಮುಟ್ಟಿದುದನ್ನು ಸ್ವೀಕರಿಸಿ ಮತ್ತೊಂದನ್ನು ತ್ಯಜಿಸುತ್ತಾರೆ.

ಆದರೆ ಎರಡನೆಯ ದಾರಿ ಇದ್ದ ಮಾತ್ರಕ್ಕೆ ಸಾಲದು. ಎರಡು ಕೇಬಲ್ಲುಗಳೂ ಒಂದೇ ಕಾಲುವೆಯಲ್ಲಿ ಹಾದುಹೋದರೆ ಗುದ್ದಲಿಯ ಒಂದೇ ಏಟಿಗೆ ಎರಡೂ ಕಡಿಯುತ್ತವೆ. ಎರಡು ಸ್ವಿಚ್ಚುಗಳಿಗೂ ವಿದ್ಯುತ್ತಿನ ಮೂಲ ಒಂದೇ ಆದರೆ ಎರಡೂ ಒಟ್ಟಿಗೇ ಆರುತ್ತವೆ. ಅದಕ್ಕಿಂತಲೂ ಗಂಭೀರವಾದುದು, ಮೊದಲನೆಯ ದಾರಿ ಕೆಟ್ಟರೂ ಕೆಲಸ ನಿರಾತಂಕವಾಗಿ ಸಾಗುವುದರಿಂದ, ಕೆಟ್ಟ ಸಂಗತಿಯೇ ಯಾರ ಗಮನಕ್ಕೂ ಬಾರದೆ ಉಳಿದುಬಿಡಬಹುದೆಂಬುದು. ಆದಕಾರಣ ದೋಷವನ್ನು ಒಡನೆಯೇ ಸಾರುವ ಎಚ್ಚರಿಕೆಯ ವ್ಯವಸ್ಥೆ ಇರತಕ್ಕದ್ದು. ಯಂತ್ರಗಳು ನಿಂತಿರುವ ದಿನ ಒಂದು ಕೇಬಲ್ಲನ್ನು ಬೇಕೆಂದೇ ಕಳಚಿ, ಇನ್ನೊಂದು ಭಾರ ವಹಿಸುವುದೇ ಎಂದು ಪರೀಕ್ಷಿಸತಕ್ಕದ್ದು. ಎರಡನೆಯ ದಾರಿಗಾಗಿ ವೆಚ್ಚ ಮಾಡಿದ ಹಣ ಈ ಜಾಗರೂಕತೆಯಿಂದಲೇ ಸಾರ್ಥಕವಾಗುತ್ತದೆ.